ಬಾಗಿಲ ಹೊರಗೆ ನಿಂತ ವರದಿಗಾರ್ತಿ
(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನನ್ನ ತಮ್ಮನ ಮಗಳು ಕ್ರೀಡಾ ವರದಿಗಾರ್ತಿಯಾಗುತ್ತೇನೆಂದಾಗ ಮನೆಯಲ್ಲಿ ಮೊದಲು ಎದ್ದದ್ದು ‘ಅಷ್ಟು ಗಂಡಸರ ನಡುವೆ ನೀನು ಹೇಗೆ ಹೋಗುತ್ತೀ?’ ಎಂಬ ಪ್ರಶ್ನೆ. ಕೇಳಿದವಳು ನಾನೇ. ಇಂದು ಆ ಪ್ರಶ್ನೆಯನ್ನೇ ತಮ್ಮೆದುರು ಪರಿಶೀಲಿಸಬಯಸುತ್ತೇನೆ.

ಅಮೆರಿಕದ ವೃತ್ತಿಪರ ಕ್ರೀಡೆಗಳಲ್ಲಿ, ಆಟ ಮುಗಿದೊಡನೆ ವರದಿಗಾರರು ಲಾಕರ್ ರೂಮಿಗೆ, ಎಂದರೆ ಆಟಗಾರರು ಉಡುಪು ಬದಲಿಸುವ ಕೋಣೆಗೇ ಹೋಗಿ ಮಾತನಾಡಿಸುವ ರೂಢಿಯುಂಟು. ಸೋಲುಗೆಲುವಿನ ಬಿಸಿ ಆರುವ ಮೊದಲು ದೊರೆಯುವ ಆ ಮಾತುಗಳೇ ವರದಿಯ ಜೀವಾಳ. ಆದ್ದರಿಂದ ಪತ್ರಕರ್ತರಿಗೆ ಆ ಕೋಣೆ ದುಡಿಮೆಯ ಸ್ಥಳ.

1977ರ ವರ್ಲ್ಡ್ ಸೀರೀಸ್ ಬೇಸ್‌ಬಾಲ್ ಪಂದ್ಯಗಳಲ್ಲಿ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆಯ ಮೆಲಿಸಾ ಲುಡ್ಕಿ ಅವರಿಗೆ ಈ ಪ್ರವೇಶ ನಿರಾಕೃತವಾಯಿತು. ಡಾಡ್ಜರ್ಸ್ ತಂಡದ ಆಟಗಾರರ ಒಪ್ಪಿಗೆಯಿತ್ತು; ತಡೆದದ್ದು ಬೇಸ್‌ಬಾಲ್ ಕಮಿಷನರ್ ಬೋವಿ ಕೂನ್ ಅವರ ಕಚೇರಿ. ಆಟಗಾರರ ಪತ್ನಿಯರನ್ನು ಕೇಳಿಲ್ಲ, ಅವರ ಮಕ್ಕಳು ಶಾಲೆಯಲ್ಲಿ ಅಪಹಾಸ್ಯಕ್ಕೆ ಈಡಾದಾರು ಎಂಬುದು ಕಚೇರಿ ಮುಂದಿಟ್ಟ ಕಾರಣ. ಲುಡ್ಕಿ ನ್ಯಾಯಾಲಯದ ಮೆಟ್ಟಿಲೇರಿದರು. 1978ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತವರು ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ, ಅಮೆರಿಕದ ಫೆಡರಲ್ ನ್ಯಾಯಪೀಠವೇರಿದ ಮೊದಲ ಕಪ್ಪು ಮಹಿಳೆ. ಯಾಂಕಿ ಕ್ರೀಡಾಂಗಣ ಆಗ ನ್ಯೂಯಾರ್ಕ್ ನಗರದ ಸ್ವತ್ತಾಗಿತ್ತು. ಅಲ್ಲಿ ಹೆಣ್ಣೆಂಬ ಕಾರಣಕ್ಕೆ ವರದಿಗಾರ್ತಿಯನ್ನು ಹೊರಗಿಡುವುದು ಸಂವಿಧಾನದ 14ನೆಯ ತಿದ್ದುಪಡಿಗೆ ವಿರುದ್ಧ ಎಂದರು. ಆಟಗಾರರ ಮಾನ ಕಾಯಲು ಪರದೆ, ಟವೆಲುಗಳಂಥ ಸುಲಭೋಪಾಯಗಳಿದ್ದವು.

ಬಾಗಿಲು ತೆರೆಯಿತು. ಆದರೆ ನಡತೆ ತಿದ್ದಲಿಲ್ಲ. 1990ರ ಸೆಪ್ಟೆಂಬರಿನಲ್ಲಿ ‘ಬಾಸ್ಟನ್ ಹೆರಾಲ್ಡ್’ ಪತ್ರಿಕೆಯ ಲೀಸಾ ಓಲ್ಸನ್, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಫುಟ್‌ಬಾಲ್ ತಂಡದ ಒಬ್ಬ ಆಟಗಾರನನ್ನು ಸಂದರ್ಶಿಸುತ್ತಿದ್ದಾಗ ಬೇರೆ ಆಟಗಾರರು ಬೆತ್ತಲೆಯಾಗಿ ಸುತ್ತುವರಿದು ಅಶ್ಲೀಲವಾಗಿ ಹೀಯಾಳಿಸಿದರು. ಹಾರ್ವರ್ಡ್‌ನ ಕಾನೂನು ಪ್ರಾಧ್ಯಾಪಕರೊಬ್ಬರು ತನಿಖೆ ನಡೆಸಿದರು. ತಂಡಕ್ಕೂ ಮೂವರು ಆಟಗಾರರಿಗೂ ದಂಡ ಬಿತ್ತು. ಆದರೆ ಅಭಿಮಾನಿಗಳ ಬೆದರಿಕೆ, ನಿಂದೆಗಳಿಗೆ ಗುರಿಯಾದವರು ಓಲ್ಸನ್ನರೇ. ಅವರು ದೇಶ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋಗಿ ಕೆಲಸ ಮಾಡಬೇಕಾಯಿತು. ತಪ್ಪು ಒಬ್ಬರದು, ವನವಾಸ ಇನ್ನೊಬ್ಬರದು.

‘ಉಡುಪಿಲ್ಲದ ಕೋಣೆಗೆ ಹೆಂಗಸೇಕೆ?’ ಎನ್ನುವವರಿಗೆ ಇನ್ನೊಂದು ಪ್ರಸಂಗ. 2016ರ ಜನವರಿಯಲ್ಲಿ, ಆಸ್ಟ್ರೇಲಿಯಾದ ಬಿಗ್ ಬ್ಯಾಷ್ ಪಂದ್ಯವೊಂದರಲ್ಲಿ ಕ್ರಿಸ್ ಗೇಲ್ ನೇರಪ್ರಸಾರದಲ್ಲೇ ಸಂದರ್ಶಕಿ ಮೆಲ್ ಮೆಕ್‌ಲಾಫ್ಲಿನ್ ಅವರೊಡನೆ ಚೆಲ್ಲಾಟದ ಮಾತಾಡಿದರು. ಅಲ್ಲಿ ಮುಚ್ಚಿದ ಕೋಣೆಯಿರಲಿಲ್ಲ. ಇದ್ದದ್ದು ಬಯಲು, ಮೈಕು, ಲಕ್ಷಾಂತರ ಕಣ್ಣುಗಳು. ಅವರ ತಂಡ 10,000 ಡಾಲರ್ ದಂಡ ವಿಧಿಸಿತು. ಅಂದಿನ ದಿನಗಳಲ್ಲಿ ಗೇಲ್ ನಮ್ಮ ಬೆಂಗಳೂರು ತಂಡದ ಕಣ್ಮಣಿ. ಅವರ ಸಿಕ್ಸರುಗಳಿಗೆ ಚಪ್ಪಾಳೆ ತಟ್ಟಿದ ನಮ್ಮಲ್ಲಿ ಎಷ್ಟು ಜನ ಆ ಮಾತಿಗೆ ಮುಖ ಸಿಂಡರಿಸಿದೆವು? ‘ತಮಾಷೆಗೆ ಅಂದದ್ದು’ ಎಂದು ಮನೆಯಲ್ಲಿ ಹಾರಿಸಿಬಿಟ್ಟವರಲ್ಲಿ ನಾನೂ ಒಬ್ಬಳು.

ಬಂಧುಗಳೇ, ಪರಸ್ಥಳದಲ್ಲಿ ಬದುಕು ಕಟ್ಟಿಕೊಂಡ ನಮಗೆ ‘ನೀವು ಹೊರಗಿನವರು’ ಎಂಬ ಮಾತಿನ ಚುಚ್ಚು ತಿಳಿಯದ್ದಲ್ಲ. ಕೆಲಸ ಬಲ್ಲವನನ್ನು ಬಾಗಿಲಲ್ಲಿ ನಿಲ್ಲಿಸುವ ಅನ್ಯಾಯವನ್ನು ನಾವು ಸಂಘ ಕಟ್ಟಿ ಎದುರಿಸಿದೆವು. ಅದೇ ನ್ಯಾಯವನ್ನು ನಮ್ಮ ಹೆಣ್ಣುಮಕ್ಕಳಿಗೆ ಅನ್ವಯಿಸಲು ಹಿಂಜರಿಯುವುದೇಕೆ?

ತಮ್ಮನ ಮಗಳಿಗೆ ನಾನು ಕೇಳಿದ ಪ್ರಶ್ನೆಯನ್ನು ಹಿಂತೆಗೆದುಕೊಂಡಿದ್ದೇನೆ. ನಮ್ಮ ಸಂಘದ ಕ್ರೀಡಾಕೂಟದಲ್ಲಿ ಆಡುವ ಹುಡುಗರನ್ನು ಇನ್ನು ಮುಂದೆ ಕೇಳುತ್ತೇನೆ: ಅವಳು ಕೆಲಸಕ್ಕೆಂದು ಬಂದಾಗ ನೀವು ಹೇಗೆ ನಡೆದುಕೊಳ್ಳುತ್ತೀರಿ?