ಇಲಿಯ ಬೆನ್ನು, ಜಾಪಾಳದ ಎಣ್ಣಿ

ಜಾಪಾಳ ಗೊತ್ತೈತಲ್ರಿ? ಹೊಟ್ಟಿ ಕಟ್ಟಿದ್ರ ಹಳೇ ವೈದ್ಯರು ಶುದ್ಧಿ ಮಾಡಿ ಚೂರೇ ಚೂರು ಕೊಡೂ ಬೀಜ. ಒಂದೀಟು ಹೆಚ್ಚಾತು ಅಂದ್ರ ಮನಷ್ಯಾ ಚೊಂಬು ಕೆಳಗ ಇಡಾಂಗಿಲ್ಲ. ರಾಸಾಯನಿಕದಿಂದ ಚರ್ಮದ ಕ್ಯಾನ್ಸರ್ ಹೆಂಗ ಹುಟ್ಟತೈತಿ ಅನ್ನೂ ಗುಟ್ಟು ಬಿಡಿಸಿದ್ರಾಗ ಈ ಬೀಜದ ಎಣ್ಣಿದು ದೊಡ್ಡ ಪಾಲೈತಿ.

ಮೊದಲಿಂದ ಹೇಳ್ತೀನಿ. 1775ರಾಗ ಲಂಡನ್ನಿನ ಸರ್ಜನ್ ಪರ್ಸಿವಲ್ ಪಾಟ್ ಒಂದು ಮಾತು ಬರದಿಟ್ಟ. ಸಣ್ಣವರಿದ್ದಾಗ ಚಿಮಣಿಯೊಳಗ ಇಳದು ಮಸಿ ತಗದ ಹುಡುಗ್ರಿಗೆ, ದೊಡ್ಡವರಾದ ಮ್ಯಾಲ ವೃಷಣದ ಚೀಲದ ಚರ್ಮಕ್ಕ ಕ್ಯಾನ್ಸರ್ ಬರತೈತಿ ಅಂತ. ಮಸಿಯೊಳಗ ಏನೋ ಐತಿ ಅಂತಾತು. ಆದ್ರ ಪ್ರಾಣಿ ಮ್ಯಾಲ ಅದನ್ನ ತೋರಿಸಾಕ ನೂರಾ ನಲವತ್ತು ವರ್ಷ ಹಿಡೀತು. 1915ರಾಗ ಟೋಕಿಯೋದ ಯಾಮಾಗಿವಾ ಮತ್ತ ಇಚಿಕಾವಾ ಅನ್ನೋರು ಮೊಲದ ಕಿವಿಗೆ ಕಲ್ಲಿದ್ದಲಿನ ಡಾಂಬರು ಹಚ್ಚಿದ್ರು. ತಿಂಗಳು ಕಳದುವು, ಹಚ್ಚೂದು ಬಿಡಲಿಲ್ಲ. ಮೊದಲ ಗಂಟು ಎದ್ದುವು, ಆಮ್ಯಾಲ ಕ್ಯಾನ್ಸರ್. ನನ್ನ ಲೆಕ್ಕದಾಗ ಇದು ಜಾಣತನಕ್ಕಿಂತ ತಾಳ್ಮಿ ಗೆದ್ದ ಪ್ರಯೋಗ.

ಮುಂದ ಲಂಡನ್ನಿನ ವಿಜ್ಞಾನಿಗಳು ಎರಡು ಟನ್ ಡಾಂಬರು ಸೋಸಿ, 1933ರಾಗ ಬೆಂಜೊಪೈರೀನ್ ಅನ್ನೂ ಅಪರಾಧಿನ್ನ ಹಿಡದು ಹೊರಗ ತಂದ್ರು. ಅದು ನಮಗೇನು ದೂರದ್ದಲ್ರಿ. ಉಗಾರ, ಕಾಗವಾಡ, ರಾಯಬಾಗ ಕಡೆ ಕಬ್ಬು ಕಡದ ಮ್ಯಾಲ ರವದಿಗೆ ಬೆಂಕಿ ಇಡ್ತೀವಲ್ಲ, ಆ ಹೊಗಿ, ಆ ಕರಿ ಬೂದಿಯೊಳಗೂ ಅದೇ ಕುಲದ ರಾಸಾಯನಿಕ ಇರತಾವ.

ಈಗ ಜಾಪಾಳದ ಪಾಳಿ. 1941ರಾಗ ಆಕ್ಸ್‌ಫರ್ಡಿನ ಐಸಾಕ್ ಬೆರೆನ್‌ಬ್ಲಮ್, 1944ರಾಗ ಮೊಟ್ರಮ್ ಅನ್ನಾಂವ ಇಲಿಗಳ ಬೆನ್ನಿನ ಮ್ಯಾಲ ಒಂದು ವಿಚಿತ್ರ ಕಂಡ್ರು. ಬೆಂಜೊಪೈರೀನ್ ಸ್ವಲ್ಪೇ, ಒಂದೇ ಸಲ ಹಚ್ಚಿ ಬಿಟ್ರ ಏನೂ ಆಗೂದಿಲ್ಲ. ಬರೇ ಜಾಪಾಳದ ಎಣ್ಣಿ ಹಚ್ಚಕೋತ ಹೋದ್ರ ಚರ್ಮ ಕೆಂಪಾಗತೈತಿ, ಹೆಚ್ಚೂಕಡಿಮಿ ಅಷ್ಟೇ. ಆದ್ರ ಮೊದಲ ಬೆಂಜೊಪೈರೀನ್ ಒಂದು ಸಲ, ಆಮ್ಯಾಲ ಎಣ್ಣಿ ಮತ್ತ ಮತ್ತ ಹಚ್ಚಿದ್ರ ಬೆನ್ನ ತುಂಬ ಗಂಟು! ತಿರುಗಾಮುರುಗಾ ಮಾಡಿದ್ರ, ಅಂದ್ರ ಮೊದಲ ಎಣ್ಣಿ ಆಮ್ಯಾಲ ಬೆಂಜೊಪೈರೀನ್, ಗಂಟಿಲ್ಲ. ನಡುವ ತಿಂಗಳಗಟ್ಟಲೆ ಸುಮ್ಮ ಬಿಟ್ಟು ಎಣ್ಣಿ ಶುರು ಮಾಡಿದ್ರೂ ಗಂಟು ಬಂದೇ ಬರತಾವ. ಮೊದಲಿನ ಗುರುತು ಅಳಿಯಾಂಗಿಲ್ಲ.

ಯಾಕ? ಚರ್ಮದ ಕೋಶದಾಗಿನ ಕಿಣ್ವಗಳು ಬೆಂಜೊಪೈರೀನಿನಂಥಾ ಹೊಲಸನ್ನ ಹೊರಗ ಹಾಕಾಕ ಹೋಗಿ, ನಡುವ ಅದನ್ನ ಇನ್ನಷ್ಟು ಉಗ್ರ ಮಾಡ್ತಾವ. ಆ ಉಗ್ರ ರೂಪ ಹೋಗಿ ಡಿಎನ್‌ಎಗೆ ಅಂಟತೈತಿ. ಕೋಶ ಎರಡಾಗೂ ಹೊತ್ತಿನಾಗ ಅಲ್ಲಿ ಒಂದು ಅಕ್ಷರ ತಪ್ಪತೈತಿ. ಇವತ್ತು ಪ್ರಯೋಗಶಾಲೆಯೊಳಗ ಹೆಚ್ಚು ಬಳಸೂದು ಡಿಎಂಬಿಎ ಅನ್ನೂ ರಾಸಾಯನಿಕ. ಅದನ್ನ ಹಚ್ಚಿದ ಇಲಿಗಳ ಗಂಟು ಬಿಚ್ಚಿ ನೋಡಿದ್ರ, ಎಚ್-ರಾಸ್ ಅನ್ನೂ ಜೀನಿನ 61ನೇ ಜಾಗಾದಾಗ ಅದೇ ತಪ್ಪು ಮತ್ತ ಮತ್ತ ಸಿಗತೈತಿ. ತಪ್ಪು ಬಿದ್ದ ಕೋಶ ತನ್ನ ಪಾಡಿಗೆ ತಾ ಇರತೈತಿ. ಜಾಪಾಳದ ಎಣ್ಣಿಯ ಸತ್ವ, ಟಿಪಿಎ ಅಂತಾರ ಅದಕ್ಕ, ಡಿಎನ್‌ಎ ತಂಟೆಗೆ ಹೋಗೂದಿಲ್ಲ. ಉರಿ ಎಬ್ಬಿಸಿ, ‘ಬೆಳಿ, ಬೆಳಿ’ ಅಂತ ಸುಳ್ಳು ಹುಕುಂ ಕೊಡತೈತಿ. ಹಚ್ಚೂದು ನಿಲ್ಲಿಸಿದ್ರ ಬಹಳಷ್ಟು ಗಂಟು ಕರಗತಾವ. ಕೆಲವು ಹೊಸಾ ತಪ್ಪು ಕೂಡಿಸ್ಕೊಂಡು ಕ್ಯಾನ್ಸರ್ ಆಗತಾವ.

ಬದುವಿನ ಕಸಕ್ಕ ಹೊಡಿಯೂ ಗ್ಲೈಫೊಸೇಟ್ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? 2010ರಾಗ ಲಖನೌದ ಭಾರತೀಯ ವಿಷವಿಜ್ಞಾನ ಸಂಶೋಧನಾ ಸಂಸ್ಥೆಯವರು ಇದೇ ಇಲಿ ಬೆನ್ನಿನ ಪ್ರಯೋಗ ಮಾಡಿದ್ರು. ಮೊದಲ ಡಿಎಂಬಿಎ, ಆಮ್ಯಾಲ ಟಿಪಿಎ ಜಾಗಾದಾಗ ಈ ಕಳೆನಾಶಕ, 32 ವಾರ. 20 ಇಲಿಗಳ ಗುಂಪಿನಾಗ 8ಕ್ಕ ಗಂಟು ಎದ್ದುವು. ಬರೇ ಗ್ಲೈಫೊಸೇಟ್ ಹಚ್ಚಿದ ಇಲಿಗಳಿಗೆ ಒಂದೂ ಇಲ್ಲ. ಅಂದ್ರ ತಾ ಕಿಡಿ ಹಚ್ಚಲಿಲ್ಲ, ಹಚ್ಚಿದ್ದಕ್ಕ ಗಾಳಿ ಹಾಕ್ತು.

ಇಲ್ಲಿ ಸ್ವಲ್ಪ ತಡೀರಿ. ಇದು ಸಣ್ಣ ಪ್ರಯೋಗ. 2015ರಾಗ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಗ್ಲೈಫೊಸೇಟನ್ನ ‘ಬಹುಶಃ ಕ್ಯಾನ್ಸರ್‌ಕಾರಕ’ ಅಂದಾಗ, ಮನಷ್ಯಾರ ಬಗ್ಗೆ ಅದರ ಚಿಂತಿ ಇದ್ದದ್ದು ದುಗ್ಧಗ್ರಂಥಿಯ ಕ್ಯಾನ್ಸರ್ ಮ್ಯಾಲ, ಚರ್ಮದ್ದಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಷ್ಟೂ ಒಪ್ಪಲಿಲ್ಲ. ಹಂಗಾಗಿ ‘ಗ್ಲೈಫೊಸೇಟ್ ಹೊಡದ್ರ ಚರ್ಮದ ಕ್ಯಾನ್ಸರ್ ಗ್ಯಾರಂಟಿ’ ಅಂತ ವಾಟ್ಸಾಪಿನಾಗ ಬಂದ್ರ ಮುಂದ ಕಳಸಬ್ಯಾಡ್ರಿ. ಆದ್ರೂ ಸೋರೂ ಪಂಪು ಬೆನ್ನಿಗೆ ಹಾಕ್ಕೊಂಡು, ತೊಯ್ದ ಅಂಗಿಯೊಳಗ ದಿನಾ ಪೂರ್ತಿ ಔಷಧ ಹೊಡಿಯೋರನ್ನ ಕಂಡಾಗ ನನಗ ಆ ಇಲಿ ಬೆನ್ನು ನೆನಪಾಗೂದು ತಪ್ಪೂದಿಲ್ಲ.

ಇಲಿ ಯಾವಾಗಲೂ ಖರೇ ಹೇಳತೈತಿ ಅಂತೇನಿಲ್ಲ. ನಮ್ಮ ರಾಜ್ಯದಾಗೇ ಇದಕ್ಕ ಸಾಕ್ಷಿ ಐತಿ. ಯಾದಗಿರಿ ಜಿಲ್ಲೆ ಸುರಪುರ ಕಡೆ ಕಿರದಳ್ಳಿ ತಾಂಡಾ. ಬಾಜೂಕ ಮಂಗಳೂರು ಅನ್ನೂ ಊರಿನ ಹಳೇ ಚಿನ್ನದ ಗಣಿ (ಸಮುದ್ರದ ದಂಡಿ ಮಂಗಳೂರಲ್ರಿ). 2013ರಾಗ ಬಂದ ವರದಿ ಪ್ರಕಾರ, ಆ ಭಾಗದ 59 ಕೊಳವಿಬಾವಿಗಳಾಗ 79 ಪ್ರತಿಶತದ ನೀರಿನಾಗ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮಿತಿ ದಾಟಿತ್ತು, ಒಂದರಾಗಂತೂ 303. ಪರೀಕ್ಷೆ ಮಾಡಿದ 181 ಮಂದ್ಯಾಗ 58.6 ಪ್ರತಿಶತ ಮಂದಿಗೆ ಆರ್ಸೆನಿಕ್ಕಿನ ಚರ್ಮದ ಗುರುತು. ಎಲ್ಲಾ ಕ್ಯಾನ್ಸರ್ ಅಲ್ಲ, ಆದ್ರ ಅಂಥಾ ಗುರುತು ಕೆಲವು ಮಂದ್ಯಾಗ ಆ ಹಾದಿ ಹಿಡಿತಾವ.

ಇಷ್ಟು ಖರೇ ಇರೂ ವಿಷ, ಪ್ರಯೋಗಶಾಲೆಯ ಇಲಿಗೆ ಬರೇ ನೀರಿನಾಗ ಕುಡಿಸಿದ್ರ ಚರ್ಮದ ಕ್ಯಾನ್ಸರೇ ಬರವಲ್ದು! 2001ರಾಗ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಟೋಬಿ ರಾಸ್‌ಮನ್ ತಂಡ ಕೂದಲಿಲ್ಲದ ಇಲಿಗಳಿಗೆ ಆರ್ಸೆನಿಕ್ ನೀರು ಕುಡಿಸಿ, ಜೋಡಿಗೆ ಬಿಸಿಲಿನಂಥಾ ನೇರಳಾತೀತ ಕಿರಣ ಬಿಟ್ಟಿತು. ಬರೇ ಕಿರಣ ಬಿದ್ದ ಇಲಿಗಳಿಗಿಂತ ಗಂಟು 2.4 ಪಟ್ಟು. ಬರೇ ಆರ್ಸೆನಿಕ್ ಕುಡದ ಇಲಿಗಳು ಅರಾಮ ಇದ್ದುವು. ಕಿರಣ ಕೆಡಿಸಿದ ಡಿಎನ್‌ಎಯ ರಿಪೇರಿಗೆ ಆರ್ಸೆನಿಕ್ ಅಡ್ಡ ಬರತೈತಿ ಅನ್ನೂದು ವಿವರಣೆ.

ಆದ್ರೂ ಒಂದು ತೊಡಕು ಉಳದೈತಿ. ಮನಷ್ಯಾರಿಗೆ ಆರ್ಸೆನಿಕ್ಕಿನ ಚರ್ಮದ ಕ್ಯಾನ್ಸರ್ ಬಿಸಿಲು ತಾಗದ ಜಾಗಾದಾಗೂ, ಅಂಗಿ ಮುಚ್ಚಿದ ಎದಿ, ಬೆನ್ನಿನ ಮ್ಯಾಲೂ ಬರತೈತಿ. ಇಲಿ ಅರ್ಧಾ ಉತ್ತರ ಅಷ್ಟೇ ಕೊಟ್ಟೈತಿ. ಅದಕ್ಕೇ ಇಂಥಾ ಊರಿನ ಮಂದಿನ್ನ ನೋಡೂ ಡಾಕ್ಟರು ಬರೇ ಅಂಗೈ, ಅಂಗಾಲು ನೋಡಿ ಕಳಸಬಾರದು. ಅಂಗಿ ತಗಿಸಿ ಇಡೀ ಮೈ ನೋಡಬೇಕು, ನೀರು ಬದಲಾಗಿ ಎಷ್ಟೋ ವರ್ಷ ಆಗಿದ್ರೂ.