ಪಂಚನಾಮೆಗೆ ಸಹಿ ಹಾಕುವ ಮುನ್ನ

(ಹಗರಿಬೊಮ್ಮನಹಳ್ಳಿಯಲ್ಲಿ ಕಾರ್ಮಿಕರು ಮತ್ತು ಚಿಕ್ಕ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಕೊಲೆ ಮೊಕದ್ದಮೆ ಪೋಲೀಸರಿಗೆ, ವಕೀಲರಿಗೆ ಸೇರಿದ್ದು, ನಮಗೇಕೆ ಅದರ ಗೊಡವೆ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಈ ತಿಳಿವಳಿಕೆ ತಪ್ಪು. ಊರ ಹೊರಗೊಂದು ಹೆಣ ಬಿದ್ದರೆ ಪಂಚನಾಮೆಗೆ ಕರೆಯುವುದು ಯಾರನ್ನು? ಎದುರಿನ ಅಂಗಡಿಯವನನ್ನು, ಪಾಳಿ ಮುಗಿಸಿ ಮನೆಗೆ ಹೊರಟ ಮಿಲ್ ಕೂಲಿಯವನನ್ನು. ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿಯ ಎದುರಿನಲ್ಲಿ ಗಾಯಗಳನ್ನು ನೋಡಿ ಬರೆಯಬೇಕೆಂಬುದು ಕಾನೂನು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮಿನಲ್ಲಿದ್ದ ಈ ಮಾತು 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯ 194ನೆಯ ಕಲಮಿನಲ್ಲಿಯೂ ಇದೆ. ನ್ಯಾಯದ ಮೊದಲ ಮೆಟ್ಟಿಲಲ್ಲಿ ನಿಂತವರು ನಾವೇ.

ಎರಡನೆಯ ಮೆಟ್ಟಿಲು ವೈದ್ಯರದು. ನೇಣು ಹಾಕಿಕೊಂಡವನ ಕುತ್ತಿಗೆಯ ಗುರುತು ಸಾಮಾನ್ಯವಾಗಿ ಮೇಲಕ್ಕೆ ಓರೆಯಾಗಿರುತ್ತದೆ. ಹಗ್ಗ ಬಿಗಿದು ಕೊಂದಿದ್ದರೆ ಕೆಳಗೆ, ಅಡ್ಡಲಾಗಿ, ಸುತ್ತಲೂ ಇರುತ್ತದೆ. ವಿಷದ ಅನುಮಾನವಿದ್ದರೆ ಜಠರ, ಯಕೃತ್ತು, ಮೂತ್ರಪಿಂಡಗಳ ಭಾಗಗಳನ್ನು ಗಟ್ಟಿ ಉಪ್ಪುನೀರಿನಲ್ಲಿಟ್ಟು, ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅವಸರದಿಂದ ಸುಟ್ಟ ಹೆಣ ಏನನ್ನೂ ಹೇಳಲಾರದು.

ಆದರೆ ವೈದ್ಯರ ಮಾತೊಂದೇ ಸಾಲದು. ಸಾವು ಹೇಗೆ ಬಂತೆಂದು ಅವರು ಹೇಳಬಲ್ಲರು. ಯಾರು ತಂದರೆಂದು ಹೇಳಲಾರರು. ದಕ್ಷಿಣ ಕನ್ನಡದ ಮೋಹನ್ ಕುಮಾರನ ಕಥೆ ನಿಮಗೆ ಗೊತ್ತಿದೆ. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು. ಬಡ ಮನೆಯ ಹೆಣ್ಣುಮಕ್ಕಳಿಗೆ ಮದುವೆಯ ಆಸೆ ತೋರಿಸಿ, ಊರು ಬಿಡಿಸಿ, ಗರ್ಭ ತಡೆಯುವ ಮಾತ್ರೆಯೆಂದು ಸಯನೈಡ್ ಕೊಟ್ಟ. ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಹೆಣಗಳು ಸಿಕ್ಕವು. ಊರೂರಲ್ಲಿ ಅವು ಗುರುತು ಸಿಗದ ಹೆಂಗಸಿನ ಅಸಹಜ ಸಾವುಗಳಾಗಿ ಕಡತ ಸೇರಿದವು. ಒಂದು ಕಡತವನ್ನು ಮತ್ತೊಂದರ ಪಕ್ಕದಲ್ಲಿಟ್ಟು ನೋಡಿದವರಿಲ್ಲ. 2009ರಲ್ಲಿ ಬಂಟ್ವಾಳ ಕಡೆಯ ಯುವತಿಯೊಬ್ಬಳು ಕಾಣೆಯಾದಾಗ ಜನ ಬೀದಿಗಿಳಿದು ಕೇಳಿದರು. ಆಗ ಗಂಟು ಬಿಚ್ಚಿತು. ಅವನ ಮೇಲೆ ಬಂದದ್ದು ಇಪ್ಪತ್ತು ಹೆಣ್ಣುಮಕ್ಕಳ ಕೊಲೆಯ ಆರೋಪ. 2013ರಲ್ಲಿ ಮಂಗಳೂರಿನ ನ್ಯಾಯಾಲಯ ಮರಣದಂಡನೆ ವಿಧಿಸಿತು. 2017ರಲ್ಲಿ ಹೈಕೋರ್ಟು ಒಂದು ಪ್ರಕರಣದಲ್ಲಿ ಅದನ್ನು ಜೀವಾವಧಿಗೆ ಇಳಿಸಿತು. ಸತ್ತವರು ಸಾಹುಕಾರರ ಮನೆಯವರಾಗಿದ್ದರೆ ಇಷ್ಟು ವರ್ಷ ಬೇಕಾಗುತ್ತಿತ್ತೆ?

ವಿಷವೇ ಸಿಗದಿದ್ದರೆ ಅಪರಾಧಿ ಪಾರಾದನೆಂದಲ್ಲ. 1956ರಲ್ಲಿ ಪುಣೆಯಿಂದ ಮುಂಬಯಿಗೆ ಹೊರಟ ರೈಲಿನಲ್ಲಿ ಡಾಕ್ಟರ್ ಲಾಗೂ ತನ್ನ ರೋಗಿಯಾದ ವಿಧವೆಯ ಪ್ರಾಣ ತೆಗೆದ, ಆಸ್ತಿಗಾಗಿ. ಪರೀಕ್ಷೆಯಲ್ಲಿ ವಿಷ ಕಾಣಲಿಲ್ಲ. ಆದರೂ ಅವನ ನಡತೆ, ಸುಳ್ಳು ಕಾಗದಗಳು, ಹಣದ ಜಾಡು ಎಲ್ಲವನ್ನೂ ಕೂಡಿಸಿ ಸುಪ್ರೀಂ ಕೋರ್ಟು 1959ರಲ್ಲಿ ಶಿಕ್ಷೆಯನ್ನು ಖಾಯಂ ಮಾಡಿತು.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಸಿಕ್ಕಿದ ಬಡವನನ್ನು ಹಿಡಿದು ಕಟಕಟೆಗೆ ನಿಲ್ಲಿಸುವುದೂ ಅನ್ಯಾಯವೇ. ಶಾರದಾ ಪ್ರಕರಣದಲ್ಲಿ 1984ರಲ್ಲಿ ಸುಪ್ರೀಂ ಕೋರ್ಟು ವಿಷಪ್ರಯೋಗದ ಆರೋಪಕ್ಕೆ ನಾಲ್ಕು ಅಂಶ ಬೇಕೆಂದಿತು: ಕೊಲ್ಲುವ ಉದ್ದೇಶ, ವಿಷದಿಂದಲೇ ಸಾವು, ಆರೋಪಿಯ ಬಳಿ ಆ ವಿಷ, ಅದನ್ನು ಕೊಡುವ ಅವಕಾಶ. ಕಣ್ಣಾರೆ ಕಂಡೆ ಎನ್ನುವವನ ಮಾತು ಆಗಲು ಸಾಧ್ಯವೇ ಇಲ್ಲವೆಂದು ಗಾಯಗಳು ತೋರಿಸಿದರೆ ಆ ಸಾಕ್ಷ್ಯ ನಿಲ್ಲದು. ವೈದ್ಯರ ವರದಿ ನಿರಪರಾಧಿಗೂ ರಕ್ಷೆ.

ಆದ್ದರಿಂದ ಬಂಧುಗಳೇ, ನಾವು ಕೇಳುವುದು ಇಷ್ಟು. ಪ್ರತಿ ತಾಲ್ಲೂಕಿನಲ್ಲೂ ಶವಪರೀಕ್ಷೆಯಲ್ಲಿ ತರಬೇತಿ ಪಡೆದ ವೈದ್ಯರಿರಲಿ. ಪ್ರಯೋಗಾಲಯದ ವರದಿ ಕಾಲಕ್ಕೆ ಸರಿಯಾಗಿ ಬರಲಿ. ನಾವು ಮಾಡಬೇಕಾದದ್ದೂ ಉಂಟು. ಪಂಚರಾಗಿ ಕರೆದರೆ ಹೋಗೋಣ. ಬರೆದದ್ದನ್ನು ಓದಿಸಿ ಕೇಳೋಣ. ಕಂಡ ಗಾಯ ಬರೆದಿಲ್ಲವಾದರೆ ಬರೆಯಿರಿ ಎನ್ನೋಣ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದು ಬೇಡ. ಸತ್ತವಳು ಯಾರ ಮಗಳೋ ಇರಬಹುದು; ಆ ಹೊತ್ತಿನಲ್ಲಿ ಅವಳ ಪರವಾಗಿ ನಿಂತವರು ನಾವಿಬ್ಬರೇ.