ಬಯಲಿನ ಗುರುಗಳು



ಕಾಲೇಜೊಂದರ ವಾರ್ಷಿಕೋತ್ಸವಕ್ಕೆ ನೀವು ಹೋಗಿರಬಹುದು. ವೇದಿಕೆಯ ಮೇಲೆ ಪ್ರಾಂಶುಪಾಲರು, ಅತಿಥಿಗಳು, ಆಡಳಿತ ಮಂಡಳಿಯ ಹಿರಿಯರು ಕುಳಿತಿರುತ್ತಾರೆ. ಮೇಜಿನ ಮೇಲೆ ಬಹುಮಾನದ ಬಟ್ಟಲುಗಳು ಸಾಲಾಗಿ ಹೊಳೆಯುತ್ತಿರುತ್ತವೆ. ಅವನ್ನು ಒಂದೊಂದಾಗಿ ಎತ್ತಿ ಅತಿಥಿಗಳ ಕೈಗೆ ಕೊಡುತ್ತ, ಹುಡುಗರ ಹೆಸರು ಕೂಗುತ್ತ, ಫೋಟೋ ತೆಗೆಯುವ ಹೊತ್ತಿಗೆ ಪಕ್ಕಕ್ಕೆ ಸರಿದು ನಿಲ್ಲುವ ಒಬ್ಬರನ್ನು ನೀವು ಕಂಡಿರಬಹುದು; ಕಂಡೂ ಮರೆತಿರಬಹುದು. ಅವರೇ ಆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಅವರ ಬಾಳಿನ ಬಗೆಗೆ ನಾಲ್ಕು ಮಾತು ಹೇಳಬೇಕೆಂದು ಈ ಹೊತ್ತು ನಿಮ್ಮ ಮುಂದೆ ಬಂದಿದ್ದೇನೆ. ನಾನಾದರೋ ವ್ಯಾಕರಣ, ಛಂದಸ್ಸುಗಳನ್ನು ಪಾಠ ಹೇಳುವ ಕನ್ನಡ ಪಂಡಿತ. ನನಗೇಕೆ ಈ ಉಸಾಬರಿ ಎಂದು ನೀವು ಕೇಳಿದರೆ, ಅದಕ್ಕೆ ಉತ್ತರವನ್ನು ಕೊನೆಯಲ್ಲಿ ಹೇಳುತ್ತೇನೆ.

ನಮ್ಮ ಊರು ಗೋರ್ಟಾ. 1948ರಲ್ಲಿ ರಜಾಕಾರರ ಕೈಯಲ್ಲಿ ಪಟ್ಟ ಪಾಡಿನಿಂದ ಈ ಊರಿನ ಹೆಸರನ್ನು ನಾಡು ಬಲ್ಲದು. ಇಲ್ಲಿಂದ ಬಸವಕಲ್ಯಾಣ ದೂರವಲ್ಲ. ಚಾಳುಕ್ಯರ ರಾಜಧಾನಿಯಾಗಿದ್ದ ಆ ಕಲ್ಯಾಣದಲ್ಲಿ ಮೂರನೆಯ ಸೋಮೇಶ್ವರನೆಂಬ ಅರಸನು 1129ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಮಲ್ಲವಿನೋದವೆಂಬ ಪ್ರಕರಣವೊಂದಿದೆ. ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ವಿಂಗಡಿಸುವ ಬಗೆ ಯಾವುದು, ಅವರ ಆಹಾರವೇನು, ಸಾಧನೆಯೇನು ಎಂಬುದೆಲ್ಲ ಅಲ್ಲಿ ಹೇಳಿದೆ. ಇನ್ನೂ ಬೆಳೆಯುತ್ತಿರುವ ಎಳೆಯ ಮಲ್ಲರಿಗೆ ಅಲ್ಲಿರುವ ಹೆಸರು ‘ಭವಿಷ್ಣು’. ಮುಂದೆ ಆಗತಕ್ಕವನು ಎಂದು ಅರ್ಥ. ಎಂತಹ ಹೆಸರು! ಇಂದು ಏನೂ ಅಲ್ಲದ ಹುಡುಗನಲ್ಲಿ ನಾಳೆ ಆಗತಕ್ಕವನನ್ನು ಕಾಣುವುದೇ ಬಯಲಿನ ಗುರುವಿನ ಕೆಲಸ. ನಮ್ಮ ಹಳ್ಳಿಗಳ ತಾಲೀಮಿನ ಉಸ್ತಾದರು ಇದನ್ನೇ ಮಾಡಿಕೊಂಡು ಬಂದರು. ಆದರೆ ಶಾಲೆ ಕಾಲೇಜುಗಳಲ್ಲಿ ಇದು ಒಂದು ಉದ್ಯೋಗವಾಗಿ, ಅದಕ್ಕೊಂದು ವಿದ್ಯೆಯಾಗಿ ನಿಂತುದು ಮಾತ್ರ ಸುಮಾರು ನೂರು ವರುಷಗಳ ಈಚೆಗೆ.

ಆ ಕಾಲದಲ್ಲಿ ನಮ್ಮ ಓಟಗಾರರ ಸ್ಥಿತಿ ಹೇಗಿತ್ತೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. 1919ರಲ್ಲಿ ಪುಣೆಯ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿ ಓಡಿದ ತರುಣರನ್ನು ದೊರಾಬ್ಜಿ ಟಾಟಾ ಅವರು ಕಂಡು ಬೆರಗಾದರು. ಮರುವರುಷ ಆಂಟ್‌ವರ್ಪಿನ ಒಲಿಂಪಿಕ್ಸಿಗೆ ಇಂಡಿಯಾದ ತಂಡವೊಂದು ಹೋಯಿತು. ಅದರಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರಿದ್ದರು. ಮ್ಯಾರಥಾನ್ ಓಟವನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ ಅವರು 19ನೆಯವರಾದರು. ಕಸುವು ನಮ್ಮಲ್ಲಿ ಇದ್ದೇ ಇತ್ತು. ಅದನ್ನು ಕ್ರಮಕ್ಕೆ ತರುವ ಗುರುಗಳು ಬೇಕಾಗಿದ್ದರು.

ಅದೇ 1920ರಲ್ಲಿ ಮದರಾಸಿನಲ್ಲಿ ಅಂತಹ ಗುರುಗಳನ್ನು ತಯಾರಿಸುವ ಶಾಲೆಯೊಂದು ಆರಂಭವಾಯಿತು. ಅದನ್ನು ಕಟ್ಟಿದವರು ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದ ಮಹನೀಯರು. ಬಾಸ್ಕೆಟ್‌ಬಾಲ್ ಆಟ 1891ರಲ್ಲಿ ಹುಟ್ಟಿದ್ದು ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ಶಾಲೆಯಲ್ಲಿ, ಬಕ್ ಅವರು ಅಲ್ಲಿಯೇ ಕಲಿತು ಬಂದವರು. ಬೆರಳೆಣಿಕೆಯ ವಿದ್ಯಾರ್ಥಿಗಳಿಂದ ಮೊದಲಾದ ಆ ಶಾಲೆ ಮುಂದೆ ಸೈದಾಪೇಟೆಯ ವಿಶಾಲ ಬಯಲಿನಲ್ಲಿ ಕಾಲೇಜಾಗಿ ಬೆಳೆಯಿತು. 1924ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿಗೆ ಹೊರಟ ಇಂಡಿಯಾ ತಂಡಕ್ಕೆ ಬಕ್ ಅವರೇ ವ್ಯವಸ್ಥಾಪಕರು. ‘ವ್ಯಾಯಾಮ’ ಎಂಬ ಪತ್ರಿಕೆಯನ್ನು ನಡೆಸಿದರು. ಆಟಗಳ ನಿಯಮಗಳನ್ನು ಒಂದು ಪುಸ್ತಕವಾಗಿ ಕಟ್ಟಿಕೊಟ್ಟರು. ಆ ಪುಸ್ತಕ ಎಷ್ಟೋ ಶಾಲೆಗಳ ಆಟದ ಕೋಣೆಗಳಲ್ಲಿ ಬಹುಕಾಲ ಪ್ರಮಾಣಗ್ರಂಥವಾಗಿತ್ತು. 1943ರಲ್ಲಿ ಅವರು ತೀರಿಕೊಂಡರು. ಅವರು ಸ್ವತಃ ಗೆದ್ದ ಪದಕಗಳನ್ನು ಯಾರೂ ಎಣಿಸುವುದಿಲ್ಲ. ಆ ಕಾಲೇಜಿನಲ್ಲಿ ಕಲಿತು, ಕನ್ನಡನಾಡೂ ಸೇರಿದಂತೆ ದೇಶದ ಊರೂರಿಗೆ ಹೋಗಿ ಸೀಟಿ ಊದಿದವರ ಸಾಲೇ ಅವರ ಬಾಳಿನ ಲೆಕ್ಕ.

ಸೀಟಿ ಊದುವುದೇನು ಮಹಾ ಎನ್ನುವವರುಂಟು. ನಾನೂ ಹಾಗೆಯೇ ಎನ್ನುತ್ತಿದ್ದೆ. ಒಂದು ಓಟದ ಪಥವನ್ನು ಹಾಕುವುದನ್ನಾದರೂ ನಿಂತು ನೋಡಿರಿ. 400 ಮೀಟರಿನ ಪಥಕ್ಕೆ ಎರಡು ನೇರ ಭಾಗಗಳು, ಒಂದೊಂದೂ 84.39 ಮೀಟರು, ಎರಡು ತುದಿಗಳಲ್ಲಿ 36.50 ಮೀಟರು ತ್ರಿಜ್ಯದ ಅರ್ಧವೃತ್ತಗಳು. ಒಳ ಅಂಚಿನಿಂದ 30 ಸೆಂಟಿಮೀಟರು ಬಿಟ್ಟು ಓಡಿದರೆ ಸುತ್ತು ಸರಿಯಾಗಿ 400 ಆಗುತ್ತದೆ. ಪ್ರತಿಯೊಬ್ಬ ಓಟಗಾರನ ಪಟ್ಟಿ 1.22 ಮೀಟರು ಅಗಲ. ಹೊರಗಿನ ಪಟ್ಟಿಯವನಿಗೆ ತಿರುವು ದೊಡ್ಡದಾಗುವುದರಿಂದ ಎರಡನೆಯವನನ್ನು 7.04 ಮೀಟರು, ಮೂರನೆಯವನನ್ನು 14.70 ಮೀಟರು ಮುಂದೆ ನಿಲ್ಲಿಸಬೇಕು. ನೋಡುವವರು ಇದು ಅನ್ಯಾಯವೆಂದು ಕೂಗುತ್ತಾರೆ. ನ್ಯಾಯ ಇರುವುದೇ ಅಲ್ಲಿ. ಪಾದದಲ್ಲಿ ಒಂದು ಮಾತ್ರೆ ತಪ್ಪಿದರೆ ಪದ್ಯ ಕುಂಟುತ್ತದೆ. ಇಲ್ಲಿ ಒಂದು ಗೂಟ ತಪ್ಪಿದರೆ ಒಂದು ಹುಡುಗನ ವರುಷದ ಶ್ರಮವೇ ಕುಂಟುತ್ತದೆ. ಇನ್ನು ನಮ್ಮ ಕಡೆಯದು ಕಪ್ಪು ಮಣ್ಣು. ಮಳೆಗೆ ಕಾಲಿಗಂಟುತ್ತದೆ, ಬೇಸಗೆಗೆ ಬಿರಿಯುತ್ತದೆ. ಹಾಕಿದ ಸುಣ್ಣದ ಗೆರೆ ಒಂದು ಮಳೆಗೆ ಮಾಯ. ಮರುದಿನ ಬೆಳಗಿನಲ್ಲಿ ಮತ್ತೆ ಹಗ್ಗ, ಮತ್ತೆ ಗೂಟ.

ಕಾಲೇಜಿನ ನಿರ್ದೇಶಕರಿಗೆ ಇದರ ಮೇಲೆ ಇನ್ನೂ ಹಲವು ಹೊರೆಗಳು. ತಂಡ ಆರಿಸಬೇಕು, ಅರ್ಜಿ ತುಂಬಬೇಕು, ಪ್ರಯಾಣದ ಖರ್ಚಿಗೆ ಸಹಿ ಹಾಕಿಸಬೇಕು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಬಹುಕಾಲ ಬೀದರ ಜಿಲ್ಲೆಯ ಕಾಲೇಜುಗಳು ಅದಕ್ಕೇ ಸೇರಿದ್ದವು. ಹುಡುಗರನ್ನು ಬಸ್ಸಿನಲ್ಲಿ ಕರೆದೊಯ್ದು, ಉಣಿಸಿ, ಉಳುಕಿದ ಕಾಲಿಗೆ ಪಟ್ಟಿ ಕಟ್ಟಿ, ಸೋತು ಅಳುವವನನ್ನು ಸಮಾಧಾನಪಡಿಸಿ, ರಾತ್ರಿ ಹೊತ್ತು ಮನೆಗಳಿಗೆ ಮುಟ್ಟಿಸುವವರು ಅವರೇ. ಗೆದ್ದರೆ ಹೆಸರು ಕಾಲೇಜಿನದು. ಸೋತರೆ ಮಾತು ಕೇಳುವವರು ಅವರು.

ಈಗ ನನ್ನ ತಪ್ಪೊಪ್ಪಿಗೆ. ನಾನು ಕೆಲಸ ಮಾಡಿದ ಪ್ರೌಢಶಾಲೆಯೊಂದರಲ್ಲಿ ಪರೀಕ್ಷೆ ಹತ್ತಿರ ಬಂತೆಂದರೆ ಆಟದ ಪಿರಿಯಡ್ಡನ್ನು ನಾನು ತೆಗೆದುಕೊಳ್ಳುತ್ತಿದ್ದೆ. ಡ್ರಿಲ್ ಮಾಸ್ತರು ಸಾಧು ಮನುಷ್ಯ. “ತಗೋರಿ ಪಂಡಿತರೇ. ಹುಡುಗರು ಸಂಧಿ ಬಿಡಸೂದು ಕಲೀಲಿ. ಉಸಿರು ಬಿಡೂದು ಯಾವಾಗ ಕಲೀಬೇಕ್ರೀ?” ಎಂದು ನಕ್ಕು ಹೋಗುತ್ತಿದ್ದರು. ಒಂದು ವರುಷ ತಾಲ್ಲೂಕು ಕೂಟದ 800 ಮೀಟರ್ ಓಟಕ್ಕೆ ಹುಡುಗನೊಬ್ಬನನ್ನು ಅವರು ಆರಿಸಿದರು. ಅವನು ಹೊಲದ ಮನೆಯಿಂದ ದಿನಾಲು ಶಾಲೆಗೆ ಓಡುತ್ತಲೇ ಬರುವವನು. ಕನ್ನಡದಲ್ಲಿ ಹಿಂದೆ. ಆ ದಿನ ನನ್ನ ಕಿರುಪರೀಕ್ಷೆಯಿತ್ತು. ಮಾಸ್ತರು ಎರಡು ಸಲ ಬಂದು ಕೇಳಿದರು. ನಾನು ಬಿಡಲಿಲ್ಲ. ಹುಡುಗ ಪರೀಕ್ಷೆ ಬರೆದ, ಅದರಲ್ಲೂ ತೇರ್ಗಡೆಯಾಗಲಿಲ್ಲ. ಮರುವರುಷ ಶಾಲೆಯನ್ನೇ ಬಿಟ್ಟ.

ಬಹಳ ವರುಷಗಳ ಮೇಲೆ ಹುಮನಾಬಾದಿನ ಬಸ್ ನಿಲ್ದಾಣದ ಎದುರು ಟೆಂಪೊ ನಿಲ್ಲಿಸಿ ಒಬ್ಬ ಇಳಿದು ಬಂದು ನನ್ನ ಕಾಲು ಮುಟ್ಟಿದ. ಅವನೇ. ಸಿಟ್ಟಿನ ಒಂದು ಮಾತೂ ಇಲ್ಲ. ಆದರೆ ಅವನು ಕೇಳಿದ ಮೊದಲ ಮಾತು, “ನಮ್ಮ ಆಟದ ಗುರುಗಳು ಹ್ಯಾಂಗದಾರ್ರೀ?” ಎಂದು. ನಾನು ಐದು ವರುಷ ಕಲಿಸಿದ ವ್ಯಾಕರಣದಲ್ಲಿ ಅವನಲ್ಲಿ ಉಳಿದುದೆಷ್ಟೋ ತಿಳಿಯೆ. ಅವನನ್ನು ‘ಆಗತಕ್ಕವನು’ ಎಂದು ಒಮ್ಮೆ ಆರಿಸಿದವರು ಮಾತ್ರ ಉಳಿದಿದ್ದರು.

ಅಂದಿನಿಂದ ನಾನು ಆ ಪಿರಿಯಡ್ಡನ್ನು ಮುಟ್ಟಿಲ್ಲ. ಶಾಲೆಯಲ್ಲಿ ಓಟದ ಗೆರೆ ಹಾಕುವ ದಿನ ಬೆಳಗ್ಗೆಯೇ ಬಯಲಿಗೆ ಹೋಗುತ್ತೇನೆ. ಅಳತೆಯ ಟೇಪಿಗೆ ಎರಡು ತುದಿಗಳಿರುತ್ತವೆ, ಶ್ರೋತೃಗಳೇ. ಒಂದನ್ನು ಆಟದ ಗುರುಗಳು ಹಿಡಿದಿರುತ್ತಾರೆ; ಇನ್ನೊಂದನ್ನು ಹಿಡಿಯಲು ಎಷ್ಟೋ ಸಲ ಯಾರೂ ಇರುವುದಿಲ್ಲ, ಅದನ್ನು ಕಲ್ಲಿನ ಕೆಳಗೆ ಇಟ್ಟು ಅವರು ನಡೆಯುತ್ತಾರೆ. ನಿಮ್ಮ ಮಕ್ಕಳ ಶಾಲೆಯಲ್ಲಿ, ಕಾಲೇಜಿನಲ್ಲಿ ಈ ವರುಷ ಕ್ರೀಡಾಕೂಟವಾಗುವ ಮುನ್ನಾದಿನ ಒಂದು ಗಳಿಗೆ ಬಿಡುವು ಮಾಡಿಕೊಂಡು ಹೋಗಿ, ಆ ತುದಿಯನ್ನು ಹಿಡಿಯಿರಿ. ಇಷ್ಟೇ ನನ್ನ ವಿನಂತಿ.